ಕಳೆದವರ ಕಾಲಂ

ಕಪ್ಪು ಪರದೆಯ ಎಡಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಟುಕುತ್ತಿತ್ತು. ಗಂಟೆ ಹತ್ತೂ ಇಪ್ಪತ್ತು. ಎರಡನೇ ಗುಮಾಸ್ತ ಕುರ್ಚಿಯನ್ನು ಒಂದು ಗೇಣು ಮುಂದಕ್ಕೆಳೆದುಕೊಂಡ, ಮತ್ತೆ ಅರ್ಧ ಗೇಣು ಹಿಂದಕ್ಕೆ ತಳ್ಳಿದ. ಗೆರೆ ಮಿಟುಕುತ್ತಲೇ ಇತ್ತು, ಏನೋ ಕೇಳಿ ಉತ್ತರಕ್ಕೆ ಕಾದು ಕೂತವರ ಹಾಗೆ. ಪಕ್ಕದಲ್ಲಿ ಹನ್ನೊಂದು ಪುಟದ ಸೂಚನೆಗಳ ಪ್ರತಿ ಇತ್ತು. ಮುಖ್ಯವಾದ ಸಾಲಿಗೆ ಮಾತ್ರ ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಬೇಕೆಂದು ಮೂರು ದಿನದ ಹಿಂದೆ ಶುರುಮಾಡಿದ್ದ. ಯಾವುದು ಮುಖ್ಯವಲ್ಲ ಎಂದು ತಿಳಿಯದೆ ಎಲ್ಲ ಸಾಲಿಗೂ ಹಾಕಿ ಮುಗಿಸಿದ್ದ. ಈಗ ಹನ್ನೊಂದು ಪುಟವೂ ಸರಿಯಾಗಿ ಉತ್ತರ ಬರೆಯದ ಹುಡುಗನ ಪತ್ರಿಕೆಯಂತೆ ಕೆಂಪಗಿದ್ದವು. ಮೂರು ಗಂಟೆಗೆ ನಿರ್ದೇಶಕರು ಬರುತ್ತಾರೆ. ಅಷ್ಟರೊಳಗೆ ಈ ಯಂತ್ರದಲ್ಲಿ ಹೊಸ ತಂತ್ರಾಂಶ ಕೂತಿರಬೇಕು. ಕೂರಿಸಬೇಕಾದವನು ತಾನು. ಇದಕ್ಕೆಲ್ಲ ಕಾರಣ ಒಂದು ಕೆಮ್ಮು.

ಬಸ್ ಸಂಸ್ಥೆಯ ಕಳೆದ ವಸ್ತುಗಳ ವಿಭಾಗ ಮುಖ್ಯ ಕಚೇರಿಯ ನೆಲಮಾಳಿಗೆಯಲ್ಲಿತ್ತು. ಆರು ಕಬ್ಬಿಣದ ರ‍್ಯಾಕು, ಎರಡು ಮೇಜು, ಒಂದು ಕೌಂಟರು, ಮೇಲೆ ಬಸ್ಸು ಹಾದಾಗಲೆಲ್ಲ ನಡುಗುವ ಒಂದು ಟ್ಯೂಬ್‌ಲೈಟು. ಬಸ್ಸುಗಳಲ್ಲಿ ಜನ ಬಿಟ್ಟು ಇಳಿದದ್ದನ್ನೆಲ್ಲ ಕಂಡಕ್ಟರುಗಳು ಮಾರನೇ ಬೆಳಗ್ಗೆ ಇಲ್ಲಿ ತಂದು ಸುರಿಯುತ್ತಿದ್ದರು. ಛತ್ರಿಗಳು, ಒಂಟಿ ಚಪ್ಪಲಿಗಳು, ಕುಕ್ಕರಿನ ಮುಚ್ಚಳ, ಕಟ್ಟಿಸಿದ ಹಲ್ಲಿನ ಸೆಟ್ಟು, ಎರಡು ಊರುಗೋಲು. ಊರುಗೋಲು ಬಿಟ್ಟು ಇಳಿದವರು ಆಮೇಲೆ ಹೇಗೆ ನಡೆದುಹೋದರು ಎಂಬ ಪ್ರಶ್ನೆ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನನ್ನು ಬಿಟ್ಟಿರಲಿಲ್ಲ. ಮೂರು ತಿಂಗಳ ಹಿಂದೆ ಹಳೆಯ ವ್ಯವಸ್ಥೆಯ ಪರವಾನಗಿ ಮುಗಿದು, ಯಾರೋ ಬಂದು ಯಂತ್ರಗಳಿಗೆಲ್ಲ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಹೋದರು. "ಇಲ್ಲಿ ಲಿನಕ್ಸ್ ಗೊತ್ತಿರೋರು ಯಾರಾದ್ರೂ ಇದೀರಾ?" ಎಂದು ಅಧೀಕ್ಷಕರು ಸಭೆಯಲ್ಲಿ ಕೇಳಿದಾಗ ಅವನಿಗೆ ಗಂಟಲಲ್ಲಿ ಧೂಳು ಸಿಕ್ಕಿ ಕೆಮ್ಮು ಬಂತು. ಎಲ್ಲರೂ ತಿರುಗಿ ನೋಡಿದರು. ಆ ನೋಟದಲ್ಲಿ ಒಂದು ಬಗೆಯ ಗೌರವವಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ತನ್ನ ಕಡೆ ತಿರುಗಿದ ಗೌರವವನ್ನು ಅದು ಬರೀ ಕೆಮ್ಮು ಎಂದು ಹೇಳಿ ವಾಪಸ್ ಕಳಿಸುವ ಧೈರ್ಯ ಅವನಿಗೆ ಬರಲಿಲ್ಲ. "ಸ್ವಲ್ಪ ಸ್ವಲ್ಪ ಸರ್," ಎಂದುಬಿಟ್ಟ. ಅಂದಿನಿಂದ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಅವನನ್ನೇ ಕರೆಯುತ್ತಿದ್ದರು.

ತಂತ್ರಾಂಶ ಒಂದೇ ಕಡತವಾಗಿ ಬಂದಿತ್ತು. ನೂರಾರು ಕಡತಗಳನ್ನು ಸೇರಿಸಿ ಗಂಟು ಕಟ್ಟಿ, ಗಾಳಿ ಹಿಂಡಿ ಚಿಕ್ಕದು ಮಾಡಿಟ್ಟಿರುತ್ತಾರೆ, ಬಿಚ್ಚಿ ಹಾಕಿಕೊಳ್ಳಬೇಕು ಎಂದು ಎರಡನೇ ಪುಟದಲ್ಲಿತ್ತು. ಆರನೇ ಪುಟದಲ್ಲಿ ನಮೂದಿನ ನಮೂನೆಯ ವಿವರ. ಅದನ್ನು ಓದಿ ಅವನು ಅಧೀಕ್ಷಕರ ಮುಂದೆ ನಕ್ಕಿದ್ದ. "ನೋಡಿ ಸರ್, ಎರಡು ಕಾಲಂ ಇಟ್ಟಿದಾರೆ. 'ಮಾಲೀಕರು' ಅಂತ ಒಂದು, 'ಕಳೆದವರು' ಅಂತ ಇನ್ನೊಂದು. ಎರಡೂ ಒಂದೇ ಅಲ್ವಾ? ಒಬ್ಬರ ಮಾಲನ್ನ ಇನ್ನೊಬ್ಬರು ಹೋಗಿ ಕಳೀತಾರಾ?" ಅಧೀಕ್ಷಕರೂ ನಕ್ಕಿದ್ದರು. ನಗು ಮುಗಿಯುವಷ್ಟರಲ್ಲಿ ಅವನ ಕಣ್ಣು ತಾನಾಗಿ ನಾಲ್ಕನೇ ರ‍್ಯಾಕಿನ ಕೆಳಗಿನ ಹಲಗೆಗೆ ಹೋಗಿ ಬಂದಿತ್ತು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಗಾದೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೆಗಲು ಮುಟ್ಟಿಕೊಳ್ಳುವುದನ್ನು ತಪ್ಪಿಸಲಾಗುತ್ತಿರಲಿಲ್ಲ.

ಗಂಟು ಬಿಚ್ಚುವ ಕಮಾಂಡು ಹಾಳೆಯಲ್ಲಿತ್ತು. ಟಾರ್. ಒಂದು ಜಾಗ ಖಾಲಿ. ಅಡ್ಡಗೆರೆ. ಎಕ್ಸ್, ಝಡ್, ಎಫ್. ಮತ್ತೆ ಖಾಲಿ. ಕಡತದ ಹೆಸರು. ಒಂದೊಂದು ಅಕ್ಷರವನ್ನೂ ಹಾಳೆಯಲ್ಲಿ ಬೆರಳಿಟ್ಟು ನೋಡಿ ಒತ್ತಿದ. ಮೊದಲ ಸಲ "ಇಂಥ ಕಮಾಂಡ್ ಇಲ್ಲ" ಎಂದು ಬಂತು. ಹದಿನಾರನೇ ವಯಸ್ಸಿನಲ್ಲಿ ಗಣಿತದ ಮೇಷ್ಟ್ರು ತರಗತಿಯ ಮುಂದೆ ಹೇಳುತ್ತಿದ್ದ ಧಾಟಿಯೇ ಅದು, ಬೈಗುಳವಲ್ಲ, ಬರೀ ಮಾಹಿತಿ. ಎರಡನೇ ಸಲವೂ ಅದೇ ಬಂತು. ಮೂರನೇ ಸಲ ಒತ್ತಿದಾಗ ಏನೂ ಬರಲಿಲ್ಲ. ಗೆರೆ ಒಂದು ಕ್ಷಣ ನಿಂತು, ಕೆಳಗಿನ ಸಾಲಿಗೆ ಇಳಿದು ಮತ್ತೆ ಮಿಟುಕತೊಡಗಿತು. ಏನೂ ಹೇಳದಿದ್ದರೆ ಸರಿಯಾಗಿದೆ ಎಂದರ್ಥ ಎಂದು ನಾಲ್ಕನೇ ಪುಟದಲ್ಲಿತ್ತು. ಹೀಗೆ ಸುಮ್ಮನಿರುವುದನ್ನೇ ಒಪ್ಪಿಗೆ ಎಂದುಕೊಳ್ಳುವ ಪದ್ಧತಿ ಅವನಿಗೆ ಮನೆಯಲ್ಲಿ ಅಭ್ಯಾಸವಿತ್ತು. ಬೆವರು ಒರೆಸಿಕೊಂಡು, ಎಲ್ಲಿ ಬಿಚ್ಚಿಕೊಂಡಿದೆ ನೋಡೋಣ ಎಂದು ಕಚೇರಿಯ ಫೋಲ್ಡರನ್ನು ತೆರೆದ.

ಫೋಲ್ಡರು ತುಂಬ ಅಪರಿಚಿತರು ನೆರೆದಿದ್ದರು. ದಿನದ ವರದಿ, ಹಾಜರಿ, ಅಧೀಕ್ಷಕರ ವರ್ಗಾವಣೆ ಮನವಿಯ ಏಳು ಕರಡು, ಇವುಗಳ ಸಂದುಸಂದಿನಲ್ಲಿ ಹೆಸರೇ ಕೇಳಿರದ ಮುನ್ನೂರ ನಲವತ್ತು ಕಡತ. ಬಂದ ನೆಂಟರು ಒಂದು ಕೋಣೆಯಲ್ಲಿ ಕೂರದೆ ಅಡುಗೆಮನೆ, ಹಾಸಿಗೆ, ಬಚ್ಚಲು ಎನ್ನದೆ ಹರಡಿಕೊಂಡ ಹಾಗೆ. ಗಂಟು ಬಿಚ್ಚಿದರೆ ಅದರದ್ದೇ ಒಂದು ಪೆಟ್ಟಿಗೆಯೊಳಗೆ ಬಿಚ್ಚಿಕೊಳ್ಳುತ್ತದೆ ಎಂದುಕೊಂಡಿದ್ದ. ಇದು ಅವನು ನಿಂತ ಜಾಗದಲ್ಲೇ ಸುರಿದಿತ್ತು. ಇರಲಿ, ಒಂದೊಂದಾಗಿ ಆರಿಸಿದರಾಯಿತು. ಆಗ ಅವನಿಗೆ 'ಐಟಮ್ಸ್' ಎಂಬ ಕಡತ ಕಂಡಿತು. ಅದು ತಮ್ಮದೇ. ಹತ್ತೊಂಬತ್ತು ತಿಂಗಳಿಂದ ಬಂದ ಪ್ರತಿ ವಸ್ತುವಿನ ಪಟ್ಟಿ. ಕಾಗದದ ರಿಜಿಸ್ಟರುಗಳನ್ನು ರದ್ದಿಗೆ ಕಳಿಸಿದ ಮೇಲೆ ವಿಭಾಗದ ನೆನಪೆಲ್ಲ ಅದರಲ್ಲೇ ಇತ್ತು. ತೆರೆದ. ಹನ್ನೆರಡು ಸಾಲು. ಒಂದು ವಯಲಿನ್. ಒಂದು ಕೆಂಪು ಕೈಗವಸು, ಎಡಗೈಯದು. ಒಂದು ಗಿಳಿ, ಪಂಜರ ಸಮೇತ.

ಮಾದರಿಗೆಂದು ತಂತ್ರಾಂಶದವರು ಇಟ್ಟಿದ್ದ ಪಟ್ಟಿಯ ಹೆಸರೂ ಅದೇ ಆಗಿತ್ತು. ಅದು ಬಂದು ಇದರ ಮೇಲೆ ಕೂತಿತ್ತು, ಕೆಳಗಿದ್ದದ್ದು ಹೋಗಿತ್ತು.

"ಗಿಳಿ ಯಾವಾಗ ಬಂತು ರೀ ನಮಗೆ?" ಅಧೀಕ್ಷಕರು ಅವನ ಹೆಗಲ ಹಿಂದೆ ಬಂದು ನಿಂತಿದ್ದರು.

"ಬಂದು ಹೋಗಿದೆ ಸರ್. ವಾಪಸ್ ಕೊಟ್ಟಾಗಿದೆ ಅಂತಿದೆ."

ವಿಷಯ ತಿಳಿಯಲು ಅವರಿಗೆ ಎರಡು ನಿಮಿಷ ಬೇಕಾಯಿತು. ತಿಳಿದ ಮೇಲೆ ಅವರು ಕೂಗಾಡಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ಭಯವಾಯಿತು. "ಹನ್ನೆರಡಕ್ಕೆ ಹನ್ನೆರಡೂ ವಾಪಸ್," ಎಂದು ಪರದೆಯನ್ನು ದಿಟ್ಟಿಸಿದರು. "ಬಾಕಿ ಸೊನ್ನೆ. ಇದನ್ನೇ ತೋರಿಸಿಬಿಟ್ರೆ ಹೇಗೆ?" ಆಮೇಲೆ ತಿರುಗಿ ಆರು ರ‍್ಯಾಕುಗಳನ್ನು ನೋಡಿ ನಿಟ್ಟುಸಿರು ಬಿಟ್ಟರು. "ಈ ದರಿದ್ರಗಳು ಕಣ್ಣಿಗೆ ಕಾಣ್ತವಲ್ಲ."

"ಪೆನ್‌ಡ್ರೈವಲ್ಲಿ ಇನ್ನೊಂದು ಪ್ರತಿ ಇತ್ತಲ್ಲ ಸರ್, ನಿಮ್ಮ ಹತ್ರ?"

"ಇತ್ತು." ಅಧೀಕ್ಷಕರು ಕನ್ನಡಕ ತೆಗೆದರು. "ಹೋದ ತಿಂಗಳು ಬಸ್ಸಲ್ಲಿ ಬಿಟ್ಟೆ."

"ನಮ್ಮಲ್ಲಿಗೇ ಬಂದಿರಬೇಕಲ್ಲ ಸರ್."

"ಅಟೆಂಡರಮ್ಮನ ಕೈಲಿ ಗುಟ್ಟಾಗಿ ಹುಡುಕಿಸಿದೆ, ಬಂದಿಲ್ಲ. ಕಂಡಕ್ಟರುಗಳಿಗೆ ಹೇಳಿ ಕಳಿಸೋಣ ಅಂದ್ರೆ ಏನಂತ ಹೇಳ್ಲಿ? ಕಳೆದ ವಸ್ತುಗಳ ವಿಭಾಗದ ಅಧೀಕ್ಷಕರೇ ವಸ್ತು ಕಳಕೊಂಡ್ರು ಅಂತಾನಾ? ನಗೋದಿಲ್ವೇನ್ರಿ?"

ನಗುತ್ತಾರೆ. ಅದು ಅವನಿಗೆ ಹೇಳಬೇಕಾಗಿರಲಿಲ್ಲ. ವಿಭಾಗದಲ್ಲಿ ಬರೆದಿಡದ ಒಂದು ನಿಯಮವಿತ್ತು: ಇಲ್ಲಿನವರು ಏನನ್ನೂ ಕಳೆದುಕೊಳ್ಳುವುದಿಲ್ಲ. ಕಳೆದುಕೊಂಡರೆ ಬರೆಸುವುದಿಲ್ಲ. ಮೊದಲನೇ ಗುಮಾಸ್ತ ನಿವೃತ್ತಿಯ ವಾರ ತನ್ನ ಗಡಿಯಾರವನ್ನು ಬಸ್ಸಿನಲ್ಲಿ ಬಿಟ್ಟು, ಅದು ಮಾರನೇ ದಿನ ತನ್ನದೇ ಕೌಂಟರಿಗೆ ಬಂದಾಗ, ತಾನೇ ಚೀಟಿ ಕಟ್ಟಿ ರ‍್ಯಾಕಿಗೆ ಸೇರಿಸಿ, ವರ್ಷ ಕಳೆದ ಮೇಲೆ ಹರಾಜಿನಲ್ಲಿ ಕೂಗಿ ಕೊಂಡುಕೊಂಡಿದ್ದ. ಹರಾಜಿಗಿಡುವ ವಸ್ತುವಿಗೆ ಅದೊಂದು ದಾರಿ. ಕಾಗದ ಪತ್ರಗಳನ್ನು ಹರಾಜು ಹಾಕುವುದಿಲ್ಲ. ಅವು ಇದ್ದಲ್ಲೇ ಇರುತ್ತವೆ.

"ಯಾರನ್ನಾದ್ರೂ ಕರೀರಿ," ಎಂದರು ಅಧೀಕ್ಷಕರು. "ಗೊತ್ತಿರೋರನ್ನ. ಕೆಮ್ಮೋರನ್ನ ಬೇಡ."

ಗೊತ್ತಿರುವವಳು ಒಬ್ಬಳೇ. ಅವನ ಹೆಂಡತಿಯ ತಂಗಿ. ಎರಡು ಬೀದಿ ಆಚೆ, ಬೀಗದ ಕೈ ಮಾಡುವವನ ಮತ್ತು ಟೈಲರನ ನಡುವೆ, ಎಂಟಡಿ ಅಗಲದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೂರುತ್ತಾಳೆ. ಮೂರು ದಿನದಿಂದ ಅವಳನ್ನು ಕೇಳಬಾರದೆಂದೇ ಹನ್ನೊಂದು ಪುಟಕ್ಕೂ ಅಡಿಗೆರೆ ಹಾಕಿದ್ದ. ಫೋನಿನಲ್ಲಿ ಅವಳು ಪೂರ್ತಿ ಕೇಳಿಸಿಕೊಂಡಳು.

"ಭಾವ, ಬಿಚ್ಚೋಕೆ ಮುಂಚೆ ಒಳಗೇನಿದೆ ಅಂತ ಪಟ್ಟಿ ನೋಡಿದ್ರಾ?"

"ಹಾಗೆ ನೋಡೋಕಾಗುತ್ತಾ?"

"ಆಗುತ್ತೆ. ಎಕ್ಸ್ ಬದಲು ಟಿ ಹಾಕಿದ್ರೆ ಬಿಚ್ಚದೇ ತೋರಿಸುತ್ತೆ. ಇರಲಿ, ಏನೂ ಮುಟ್ಟಬೇಡಿ. ಬರ್ತೀನಿ. ಕುರ್ಚಿಯಿಂದ ಎದ್ದು ದೂರ ನಿಂತ್ಕೊಳ್ಳಿ."

ಅವನು ನಿಜವಾಗಿಯೂ ಎದ್ದು ದೂರ ನಿಂತ. ನಿಂತದ್ದು ನಾಲ್ಕನೇ ರ‍್ಯಾಕಿನ ಎದುರಿಗೆ ಎಂದು ಆಮೇಲೆ ಗಮನಕ್ಕೆ ಬಂತು.

ಹದಿನಾಲ್ಕು ವರ್ಷದ ಹಿಂದೆ ಅವಳು ಇದೇ ಸಂಸ್ಥೆಯ ಒಂದು ಹುದ್ದೆಗೆ ಅರ್ಜಿ ಹಾಕಿದ್ದಳು. ಗಣಕ ಸಹಾಯಕಿ, ಒಂದೇ ಒಂದು ಸ್ಥಾನ. ಕಂದು ಲಕೋಟೆಯೊಳಗೆ ಅರ್ಜಿ, ಅಸಲಿ ಅಂಕಪಟ್ಟಿಗಳು, ಎರಡು ಫೋಟೋ. "ಭಾವ, ನೀವು ದಿನಾ ಅದೇ ಕಟ್ಟಡಕ್ಕೆ ಹೋಗ್ತೀರಲ್ಲ, ಮೂರನೇ ಮಹಡೀಲಿ ಕೊಟ್ಟುಬಿಡಿ." ಕೊಡೋಣ, ಅದೇನು ಮಹಾ ಎಂದಿದ್ದ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿದ ಸಂತೋಷದಲ್ಲಿ ಲಕೋಟೆಯನ್ನು ತೊಡೆಯ ಪಕ್ಕ ಇಟ್ಟಿದ್ದು ನೆನಪಿದೆ, ಎತ್ತಿಕೊಂಡದ್ದು ನೆನಪಿಲ್ಲ. ಸಂಜೆ ಮನೆ ಬಾಗಿಲಲ್ಲೇ ಅವಳು ಕಾದಿದ್ದಳು. "ಕೊಟ್ರಾ ಭಾವ?" "ಕೊಟ್ಟೆ." ಅಷ್ಟು ಸಣ್ಣ ಮಾತು. ನಾಳೆ ಹುಡುಕಿದರಾಯಿತು ಎಂಬ ಭರವಸೆಯ ಮೇಲೆ ಆಡಿದ ಮಾತು. ಹುಡುಕಬೇಕಾಗಿಯೂ ಬರಲಿಲ್ಲ, ಮಾರನೇ ಬೆಳಗ್ಗೆ ಕಂಡಕ್ಟರು ಎರಡು ಛತ್ರಿಯ ಜೊತೆ ಅದನ್ನೂ ತಂದು ಕೌಂಟರಿನ ಮೇಲೆ ಇಟ್ಟ. ಕೊನೆಯ ದಿನಕ್ಕೆ ಇನ್ನೂ ಮೂರು ದಿನವಿತ್ತು. ಮೂರು ಮಹಡಿ ಹತ್ತಿದ್ದರೆ ಆಗಿತ್ತು. ಆದರೆ ಕೌಂಟರಿಗೆ ಬಂದ ವಸ್ತುವನ್ನು ಬಿಡಿಸಿಕೊಳ್ಳಬೇಕಾದರೆ ರಿಜಿಸ್ಟರಿನಲ್ಲಿ ಬರೆಯಬೇಕು, ಅಂದಿನ ಅಧೀಕ್ಷಕರ ಸಹಿ ಬೇಕು, ಅವರು ಗಟ್ಟಿಯಾಗಿ ಓದುವವರು. ಯಾರೂ ಇಲ್ಲದಾಗ ಎತ್ತಿಕೊಂಡರಾಯಿತು ಎಂದು ಬರೆಯದೆ ಹಲಗೆಯ ಮೇಲಿಟ್ಟ. ಎರಡನೇ ದಿನ ಅಧೀಕ್ಷಕರು ಜಾಗ ಬಿಟ್ಟೇಳಲಿಲ್ಲ. ಮೂರನೇ ದಿನ ಅವನಿಗೆ ಜ್ವರ ಬಂತು. ನಿಜವಾದ ಜ್ವರವೇ ಎಂದು ಅವನು ಇಂದಿಗೂ ತನಗೆ ತಾನೇ ಸಾಕ್ಷಿ ಹೇಳಿಕೊಳ್ಳುತ್ತಾನೆ. ನೂರು ದಾಟಿರಲಿಲ್ಲ, ಅಷ್ಟೇ. ಆಮೇಲೆ ದಿನಾಂಕವೇ ಮುಗಿದುಹೋಯಿತು. ಅರ್ಜಿ ಬಂದೇ ಇಲ್ಲ ಎಂದು ಮೂರನೇ ಮಹಡಿಯವರು ಅವಳಿಗೆ ಹೇಳಿದಾಗ, "ಅವರು ಹಾಗೇ, ಎಲ್ಲೋ ಕಳೆದು ಹಾಕಿರ್ತಾರೆ," ಎಂದವನೂ ಅವನೇ. ಅಂಕಪಟ್ಟಿಗಳ ನಕಲಿಗೆ ಅವಳು ಒಂದು ವರ್ಷ ಅಲೆದಳು. ಆ ಸಿಟ್ಟಿಗೆ ಅವನ ಹೆಂಡತಿ ಮೂರನೇ ಮಹಡಿಯ ಕ್ಯಾಷಿಯರನ ಮಗಳ ಮದುವೆಗೆ ಹೋಗಲಿಲ್ಲ. ಇಂದಿಗೂ ಆ ಮನೆಯವರು ಎದುರು ಬಂದರೆ ರಸ್ತೆಯ ಆಚೆ ಬದಿಗೆ ಹೋಗುತ್ತಾಳೆ. ಆ ಹುದ್ದೆಗೆ ಬಂದ ಯಾರೋ ಎರಡೇ ತಿಂಗಳಲ್ಲಿ ಬಿಟ್ಟುಹೋಗಿ, ಹುದ್ದೆಯೇ ರದ್ದಾಗಿ, ಕಟ್ಟಡದಲ್ಲಿ ಕಂಪ್ಯೂಟರ್ ಬಲ್ಲವರು ಯಾರೂ ಇಲ್ಲದೆ ಕೊನೆಗೆ ಒಂದು ಕೆಮ್ಮಿನ ಮೇಲೆ ಭಾರ ಬಿದ್ದಿತ್ತು.

ಅವಳು ಬಂದಾಗ ಹನ್ನೊಂದೂವರೆ. ಹೆಗಲಿಗೆ ಸ್ಕ್ರೂಡ್ರೈವರುಗಳ ಚೀಲ, ತಲೆಗೂದಲಿಗೆ ಸಿಕ್ಕಿಸಿದ ಪೆನ್ನು. ಚೆಲ್ಲಿದ ಮುನ್ನೂರ ನಲವತ್ತನ್ನೂ, ಗಂಟಿನ ಪಟ್ಟಿ ನೋಡಿ, ಒಂದೇ ಸಾಲಿನಲ್ಲಿ ಗುಡಿಸಿ ಹಾಕಿದಳು. ಹೊಸ ಫೋಲ್ಡರು ಮಾಡಿ ಅದರೊಳಗೆ ಗಂಟು ಬಿಚ್ಚಿದಳು. ಹಳೆಯ ಪಟ್ಟಿ ಎಲ್ಲಾದರೂ ಉಳಿದಿದೆಯೇ ಎಂದು ಕಾಲು ಗಂಟೆ ಹುಡುಕಿ ತಲೆಯಾಡಿಸಿದಳು. "ಇಲ್ಲ. ಈಗ ಪಾಸ್‌ವರ್ಡ್ ಕೇಳುತ್ತೆ, ನೀವೇ ಹಾಕಿ ಭಾವ."

ಅವನು ಒತ್ತಿದ. ಏನೂ ಮೂಡಲಿಲ್ಲ. ಮತ್ತೆ ಒತ್ತಿದ. "ಕೀಬೋರ್ಡ್ ಕೆಟ್ಟಿದೆ."

"ಕೆಟ್ಟಿಲ್ಲ. ಪಾಸ್‌ವರ್ಡ್ ಕಾಣಿಸಲ್ಲ, ಆದ್ರೆ ಬೀಳ್ತಾ ಇರುತ್ತೆ. ನೀವು ಒತ್ತಿದ್ದೆಲ್ಲ ಅದಕ್ಕೆ ಗೊತ್ತಾಗ್ತಾ ಇದೆ."

ಅವನ ಕಿವಿ ಬಿಸಿಯಾಯಿತು. ಅವಳು ಬರೀ ಪಾಸ್‌ವರ್ಡಿನ ಮಾತಾಡಿದ್ದಳು. ಹತ್ತೇ ನಿಮಿಷದಲ್ಲಿ ತಂತ್ರಾಂಶ ಕೂತಿತು. ಅವನ ಮೂರು ದಿನ, ಅವಳ ಹತ್ತು ನಿಮಿಷ. ಅಧೀಕ್ಷಕರು ಅದನ್ನು ಮನಸ್ಸಿನಲ್ಲೇ ಭಾಗಿಸಿ ನೋಡುತ್ತಿದ್ದಾರೆಂದು ಅವನಿಗೆ ಖಾತ್ರಿಯಿತ್ತು.

"ತಂತ್ರಾಂಶ ಬಂತು, ಪಟ್ಟಿ ಇಲ್ಲ," ಎಂದರು ಅಧೀಕ್ಷಕರು. "ಖಾಲಿ ತೋರಿಸೋದು ಹೇಗಮ್ಮ?"

"ಎಲ್ಲದಕ್ಕೂ ಚೀಟಿ ಕಟ್ಟಿರ್ತೀರಲ್ಲ ಸರ್. ಒಬ್ಬರು ಎತ್ತಿ ಓದಿ, ನಾನು ಹೊಡೀತಾ ಹೋಗ್ತೀನಿ. ಮೂರರೊಳಗೆ ಒಂದು ರ‍್ಯಾಕಾದ್ರೂ ಆಗುತ್ತೆ."

"ಒಂದು ಸಾಕು. ಬಾಗಿಲಿಗೆ ಎದುರಿರೋದು ಮಾಡಿ. ನಿರ್ದೇಶಕರು ಬಾಗಿಲಿಂದ ಮುಂದೆ ಬರೋರಲ್ಲ, ಧೂಳು ಆಗಲ್ಲ ಅವರಿಗೆ." ಬಾಗಿಲಿಗೆ ಎದುರಿದ್ದದ್ದು ನಾಲ್ಕನೆಯದು.

"ಒಂದರಿಂದ ಶುರು ಮಾಡಿದ್ರೆ ಕ್ರಮವಾಗಿರುತ್ತೆ ಸರ್," ಎಂದ ಅವನು.

"ಕ್ರಮದ ಮಾತು ನೀವಾಡ್ತೀರಾ?" ಎಂದರು ಅಧೀಕ್ಷಕರು.

ಊಟದ ಬಿಡುವಿಗೆ ಅಧೀಕ್ಷಕರು ಮೇಲೆ ಹೋದರು. ನಾದಿನಿ ಅಂಗಡಿಗೊಮ್ಮೆ ಹೋಗಿ ಬರುವೆನೆಂದು ಹೊರಟಳು. ಅವನು ನಾಲ್ಕನೇ ರ‍್ಯಾಕಿನ ಮುಂದೆ ಮಂಡಿಯೂರಿದ. ಕೆಳಗಿನ ಹಲಗೆ, ಕನ್ನಡಕಗಳ ರಟ್ಟಿನ ಪೆಟ್ಟಿಗೆ, ಅದರಡಿ. ಹದಿನಾಲ್ಕು ವರ್ಷದಲ್ಲಿ ಇದು ಅದರ ಒಂಬತ್ತನೇ ಜಾಗ. ಮನೆಗೆ ಒಯ್ದರೆ ಹೆಂಡತಿ ಕಾಣುತ್ತಾಳೆ, ಹರಿದರೆ ಅಂಕಪಟ್ಟಿ ಹರಿದ ಪಾಪ, ಹೊರಗೆಸೆದರೆ ಯಾರೋ ಪುಣ್ಯಾತ್ಮರು ತಂದು ಇಲ್ಲೇ ಕೊಡುತ್ತಾರೆ. ಲಕೋಟೆಯನ್ನು ಎಳೆದು ಅಂಗಿಯೊಳಗೆ, ಹೊಟ್ಟೆಗೆ ತಾಗಿಸಿ ತುರುಕಿದ. ಕಾಗದ ತಣ್ಣಗಿತ್ತು.

"ಮತ್ತೆ ಜಾಗ ಬದಲಾಯಿಸ್ತಾ ಇದೀರಾ ಸರ್?"

ಅಟೆಂಡರಮ್ಮ ಮೂರನೇ ರ‍್ಯಾಕಿನ ಹಿಂದೆ ಡಬ್ಬಿ ಬಿಚ್ಚಿ ಕೂತಿದ್ದಳು. ಇಪ್ಪತ್ತು ವರ್ಷದಿಂದ ರ‍್ಯಾಕುಗಳ ಉಸ್ತುವಾರಿ ಅವಳದು. ಊಟಕ್ಕೆ ಅವಳು ಹೊರಗೆ ಹೋಗುವುದಿಲ್ಲವೆಂಬುದು ಅವನಿಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು.

"ಏನು ಜಾಗ?"

"ಆ ಲಕೋಟೆ. ಅವತ್ತು ಕಂಡಕ್ಟರ್ ತಂದಾಗ ಇಸ್ಕೊಂಡೋಳು ನಾನೇ ಅಲ್ವಾ? ನೀವು ಮುಖ ಕೆಂಪು ಮಾಡ್ಕೊಂಡ್ರಿ. ನಿಮ್ಮದೇ ಅನ್ಕೊಂಡೆ. ದೊಡ್ಡೋರ ವಿಷಯ ನಮಗ್ಯಾಕೆ ಅಂತ ಸುಮ್ನಿದ್ದೆ." ಅವಳು ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ನುಂಗಿದಳು. "ವಾರಕ್ಕೊಂದ್ಸಲ ಧೂಳು ಒರೆಸ್ತೀನಿ ಸರ್. ನೀವು ಜಾಗ ಬದಲಾಯಿಸಿದಾಗೆಲ್ಲ ಹುಡುಕೋದೇ ಒಂದು ಕೆಲಸ. ಮುಂದಿನ ಸಲ ಒಂದು ಮಾತು ಹೇಳಿ ಬದಲಾಯಿಸಿ."

ಹದಿನಾಲ್ಕು ವರ್ಷ ತಾನು ಬಚ್ಚಿಟ್ಟದ್ದನ್ನು ಒಬ್ಬಳು ವಾರವಾರ ಒರೆಸಿ ಇಟ್ಟಿದ್ದಳು. ಅವನಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ; ಬಂದದ್ದು ಕೆಮ್ಮು. ಹೊಟ್ಟೆಯ ಮೇಲೆ ಲಕೋಟೆ ಗರಗರ ಎಂದಿತು. ಅಂಗಿಯಿಂದ ತೆಗೆದು, ಮಡಿಕೆ ನೇವರಿಸಿ, ಪೆಟ್ಟಿಗೆಯಡಿ ಇಟ್ಟ. ಪೂರ್ತಿ ಒಳಗೆ ತಳ್ಳಲಿಲ್ಲ. ಒಂದು ಅಂಚು ಹೊರಗೆ ಕಾಣುತ್ತಿತ್ತು. ಬೇಕೆಂದೇ ಬಿಟ್ಟೆನೇ, ಕೈ ತಪ್ಪಿ ಹಾಗಾಯಿತೇ ಎಂದು ಕೇಳಿಕೊಂಡ. ಜ್ವರದ ವಿಷಯದಲ್ಲಿ ಹೇಗೋ ಇದರಲ್ಲೂ ಹಾಗೆಯೇ, ಸರಿಯಾದ ಉತ್ತರ ಸಿಗಲಿಲ್ಲ.

ಒಂದೂವರೆಗೆ ಕೆಲಸ ಶುರುವಾಯಿತು. ಅಟೆಂಡರಮ್ಮ ಎತ್ತಿ ಕೊಡುವುದು, ಅವನು ಚೀಟಿ ಓದುವುದು, ನಾದಿನಿ ಹೊಡೆಯುವುದು.

"ಛತ್ರಿ, ಕಪ್ಪು, ಹಿಡಿ ಮುರಿದಿದೆ."

"ಮಾಲೀಕರು?"

"ಗೊತ್ತಿಲ್ಲ."

"ಕಳೆದವರು?"

"ಅದೂ ಗೊತ್ತಿಲ್ಲ. ಅದನ್ನ ಖಾಲಿ ಬಿಡಬಾರದಾ?"

"ಖಾಲಿ ಬಿಟ್ರೆ ಉಳಿಸಲ್ಲ ಭಾವ. 'ಗೊತ್ತಿಲ್ಲ' ಅಂತ ಹಾಕಿದ್ರೆ ಒಪ್ಪುತ್ತೆ."

ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ. ನೂರು ಸಲ, ನೂರ ಹತ್ತು ಸಲ. ಹೇಳುತ್ತ ಹೇಳುತ್ತ ಅದು ಬಾಯಿಗೆ ಹಿತವಾಗಿ ಕೂತಿತು. ಮೇಲಿನ ಹಲಗೆ ಮುಗಿಯಿತು, ನಡುವಿನದು ಮುಗಿಯಿತು. ಎರಡೂ ಮುಕ್ಕಾಲಿಗೆ ಅಟೆಂಡರಮ್ಮ ಸೊಂಟ ಹಿಡಿದುಕೊಂಡು ಕೆಳಗಿನ ಹಲಗೆಗೆ ಕೂತಳು. ಕನ್ನಡಕಗಳ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಲಕೋಟೆ ತೆಗೆದು, ಅವನ ಮುಖ ನೋಡದೆ, ಸೆರಗಿನಿಂದ ಒಮ್ಮೆ ಒರೆಸಿ ಅವನ ಕೈಗೆ ಕೊಟ್ಟಳು.

"ಮುಂದಿನದು ಭಾವ."

"ಲಕೋಟೆ. ಕಂದು. ಒಂದು."

"ಚೀಟಿ ನಂಬರು?"

"ಚೀಟಿ ಇಲ್ಲ."

"ಬಂದ ತಾರೀಕು?"

ಚೀಟಿಯಿಲ್ಲದ ಲಕೋಟೆಯ ತಾರೀಕನ್ನು ಅವನು ಹೇಳಿದ. ದಿನ, ತಿಂಗಳು, ಹದಿನಾಲ್ಕು ವರ್ಷ ಹಿಂದಿನ ಇಸವಿ, ಎಲ್ಲೂ ತಡವರಿಸಲಿಲ್ಲ. ಕೀಲಿಗಳ ಸದ್ದು ಇಸವಿಯ ನಡುವೆ ನಿಂತಿತು. ಅವಳು ಕುರ್ಚಿ ತಿರುಗಿಸಿ ಕೈ ಚಾಚಿದಳು. ಅವನು ಕೊಟ್ಟ. ಲಕೋಟೆಯ ಮೇಲೆ ಅವಳದೇ ಅಕ್ಷರ, ಆಗಿನ ದುಂಡಗಿನ ಅಕ್ಷರ, ಸಂಸ್ಥೆಯ ವಿಳಾಸದ ಕೆಳಗೆ ಪೆನ್ಸಿಲಿನಲ್ಲಿ ಗೀಟೆಳೆದು ಅಳಿಸಿದ ಗುರುತು. ಮೇಲೆ ಬಸ್ಸೊಂದು ಹಾದು ಟ್ಯೂಬ್‌ಲೈಟು ನಡುಗಿತು. ಅವಳು ಲಕೋಟೆಯನ್ನು ಮೇಜಿನ ಮೇಲಿಟ್ಟಳು. ತಿರುಗಿ ಇಸವಿಯನ್ನು ಪೂರ್ತಿ ಮಾಡಿ, 'ಮಾಲೀಕರು' ಎಂಬಲ್ಲಿ ತನ್ನ ಹೆಸರು ಹೊಡೆದಳು.

"ಕಳೆದವರು," ಎಂದಳು. ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತಿಲ್ಲ ಅಂತ ಹಾಕ್ಲಾ?"

ಹಾಕು ಎಂದಿದ್ದರೆ ತಂತ್ರಾಂಶ ಒಪ್ಪುತ್ತಿತ್ತು. ಬಹುಶಃ ಅವಳೂ ಹಾಕುತ್ತಿದ್ದಳು, ಅದೇ ತಣ್ಣನೆಯ ಕೈಯಿಂದ. ಅವನ ಬಾಯಲ್ಲಿ ಆ ಮಾತು ನೂರ ಹತ್ತು ಸಲದ ಅಭ್ಯಾಸದಿಂದ ತಯಾರಾಗಿ ನಿಂತಿತ್ತು.

"ಬೇಡ," ಎಂದ. "ಗೊತ್ತಿದೆ."

"ಹಾಗಾದ್ರೆ ನೀವೇ ತುಂಬಿ." ಅವಳು ಕುರ್ಚಿ ಬಿಟ್ಟು ಎದ್ದಳು. ಅವನು ಕೂತ. ಖಾಲಿ ಚೌಕದಲ್ಲಿ ಗೆರೆ ಮಿಟುಕುತ್ತಿತ್ತು. ಮೊದಲ ಅಕ್ಷರ ಹುಡುಕುವಷ್ಟರಲ್ಲಿ ಮೆಟ್ಟಿಲ ಮೇಲೆ ಹಲವು ಬೂಟುಗಳ ಸದ್ದಾಯಿತು. ನಿರ್ದೇಶಕರು ಎಂಟು ನಿಮಿಷ ಮುಂಚೆ ಬಂದಿದ್ದರು; ಬಾಗಿಲಲ್ಲಿ ನಿಲ್ಲುವವರು ಅಂದು ನೇರ ಮೇಜಿನವರೆಗೂ ಬಂದರು.

"ಓಹೋ, ನಡೀತಾ ಇದೆ ಕೆಲಸ. ಯಾವುದು ಇದು? ಹದಿನಾಲ್ಕು ವರ್ಷದ ಹಿಂದಿನದಾ? ಮಾಲೀಕರು ಇಂಥವರು... ಕಳೆದವರು ಖಾಲಿ ಇದೆಯಲ್ಲ. ಯಾರು?"

ಅಧೀಕ್ಷಕರು ಬಾಯಿ ತೆರೆದರು. ಅವನು ಅವರಿಗಿಂತ ಮೊದಲೇ ಹೇಳಿದ. "ನಾನು ಸರ್. ಮಾಲೀಕರು ಇವರು, ನನ್ನ ನಾದಿನಿ. ನಾನು ಬಸ್ಸಲ್ಲಿ ಕಳೆದೆ. ಬರೆಸಲಿಲ್ಲ."

ಹದಿನಾಲ್ಕು ವರ್ಷ ಅವನು ಕಾದು ಹೆದರಿದ್ದ ಕ್ಷಣ ಅದೇ. ಆಮೇಲೆ ನಿರ್ದೇಶಕರು ಅವನ ಬೆನ್ನು ತಟ್ಟಿದರು. "ನೋಡಿ, ಇದಪ್ಪ ವ್ಯವಸ್ಥೆ ಅಂದ್ರೆ. ಸ್ವಂತ ತಪ್ಪನ್ನೂ ತಂತ್ರಾಂಶದಲ್ಲಿ ಹಾಕ್ತಾರೆ. ಹದಿನಾಲ್ಕು ವರ್ಷ ಒಂದು ಲಕೋಟೆ ಕೂಡ ನಮ್ಮಲ್ಲಿ ಹಾಳಾಗಿಲ್ಲ. ಒಂದು ಧೂಳಿಲ್ಲ ನೋಡಿ ಇದರ ಮೇಲೆ." ಅಟೆಂಡರಮ್ಮ ತಲೆ ತಗ್ಗಿಸಿದಳು. "ಏನಿದೆ ಮೇಡಂ ಇದರೊಳಗೆ?"

"ಕೆಲಸದ ಅರ್ಜಿ ಸರ್," ಎಂದಳು ನಾದಿನಿ. "ನಿಮ್ಮ ಮೂರನೇ ಮಹಡಿಗೆ ಬರೆದದ್ದು."

"ಹಾಗಾದ್ರೆ ಬಂದು ತಲುಪಿತಲ್ಲ," ಎಂದು ನಿರ್ದೇಶಕರು ನಕ್ಕರು. ಜೊತೆಗಿದ್ದವರು ನಕ್ಕರು. ಅಧೀಕ್ಷಕರು ಅರ್ಧ ಕ್ಷಣ ತಡವಾಗಿ ನಕ್ಕರು. ಸಂಸ್ಥೆಯ ಪತ್ರಿಕೆಗೆ ಫೋಟೋ ಬೇಕೆಂದು ಒಬ್ಬ ಕ್ಯಾಮೆರಾ ಎತ್ತಿದ. ಲಕೋಟೆಯ ಒಂದು ತುದಿ ಅವಳ ಕೈಗೆ, ಇನ್ನೊಂದು ತುದಿ ಅವನ ಕೈಗೆ, ನಡುವೆ ನಿರ್ದೇಶಕರು. ಕಾಗದ ಎರಡೂ ಕಡೆಯಿಂದ ಬಿಗಿಯಾಯಿತು. "ನಗಿ ಭಾವ," ಎಂದಳು ಅವಳು, ತುಟಿ ಅಲ್ಲಾಡಿಸದೆ. "ಕೊನೇ ತಾರೀಕಿಗೆ ಇನ್ನೂ ಮೂರು ದಿನ ಇತ್ತು." ಬೆಳಕು ಹೊಳೆಯಿತು. ಕಣ್ಣು ಮುಚ್ಚಿದೆಯೆಂದು ಇನ್ನೊಂದು ತೆಗೆದರು. ಮುಂದಿನ ತಿಂಗಳ ಪ್ರಾಮಾಣಿಕ ಸಿಬ್ಬಂದಿಯ ಪಟ್ಟಿಗೆ ಅವನನ್ನು ಸೇರಿಸಬೇಕೆಂದು ಹೇಳಿ ನಿರ್ದೇಶಕರು ಮೂಗಿಗೆ ಕರವಸ್ತ್ರ ಹಿಡಿದು ಮೇಲೆ ಹೋದರು.

ನಾದಿನಿ ಚೀಲ ಹೆಗಲಿಗೇರಿಸಿದಳು. ಲಕೋಟೆಯನ್ನು ತೆರೆದು ನೋಡಲಿಲ್ಲ. ಒಳಗೇನಿದೆ ಎಂದು ಅವಳಿಗೆ ಗೊತ್ತಿತ್ತು. ಸ್ಕ್ರೂಡ್ರೈವರುಗಳ ಪಕ್ಕ ಇಟ್ಟು ಜಿಪ್ ಎಳೆದಳು.

"ಬೈಯಮ್ಮ," ಎಂದ ಅವನು. "ಏನಾದ್ರೂ ಬೈದು ಹೋಗು."

"ಅಂಗಡಿ ತೆರೆದಿಟ್ಟು ಬಂದಿದೀನಿ. ಬೈಯೋಕೆ ಹೊತ್ತಿಲ್ಲ." ಬಾಗಿಲಲ್ಲಿ ನಿಂತಳು. "ಅಕ್ಕನಿಗೆ ನೀವು ಹೇಳ್ತೀರಾ, ನಾನು ಹೇಳ್ಲಾ?"

"ನಾನೇ ಹೇಳ್ತೀನಿ."

"ಅವತ್ತೂ ನೀವೇ ಕೊಡ್ತೀನಿ ಅಂದಿದ್ರಿ," ಎಂದು ಮೆಟ್ಟಿಲು ಹತ್ತಿದಳು.

ಅವನು ಮೇಜಿಗೆ ಮರಳಿದ. ಚೌಕ ಇನ್ನೂ ಖಾಲಿಯಿತ್ತು. ಫೋಟೋದ ಗಡಿಬಿಡಿಯಲ್ಲಿ ಯಾರೂ ತುಂಬಿರಲಿಲ್ಲ. ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತಿದ. ಉಳಿಸು ಎಂದ. ತಂತ್ರಾಂಶ ಏನೂ ಹೇಳದೆ ಒಪ್ಪಿಕೊಂಡಿತು. ಮೇಜಿನ ಫೋನು ಎತ್ತಿ ಮನೆಗೆ ಮಾಡಿದ.

"ಏನ್ರೀ ಈ ಹೊತ್ತಲ್ಲಿ? ಏನಾಯ್ತು?"

"ಏನಿಲ್ಲ. ಆ ಕ್ಯಾಷಿಯರ್ ಮನೆಗೆ ಒಂದ್ಸಲ ಹೋಗಿ ಬರೋಣ ಅಂತ."

"ಯಾರ ಮನೆಗೆ?"

"ಮೂರನೇ ಮಹಡಿಯವರ ಮನೆಗೆ."

"ನಿಮಗೇನು ಬುದ್ಧಿ ಕೆಟ್ಟಿದೆಯಾ? ನನ್ನ ತಂಗಿ ಬಾಳು ಹಾಳು ಮಾಡಿದೋರ ಮನೆ ಹೊಸ್ತಿಲು ನಾನು ತುಳಿಯಲ್ಲ."

"ಅವರಲ್ಲ," ಎಂದ ಅವನು.

ಆ ಕಡೆ ಪಾತ್ರೆಯ ಸದ್ದು ನಿಂತಿತು. ಪರದೆಯ ಮೇಲೆ ಹೊಸ ನಮೂದಿನ ಮೊದಲ ಚೌಕದಲ್ಲಿ ಗೆರೆ ಮಿಟುಕುತ್ತಿತ್ತು, ಕಾಯುತ್ತಿತ್ತು.